ಸಾಲಗಾರ ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್

ನಮ್ಮ ರಾಜ್ಯದ ಶಾಲೆಗಳಲ್ಲಿ ಈಗ ಬೆಳಗಿನ ಹೊತ್ತು ಸಂವಿಧಾನದ ಪೀಠಿಕೆಯನ್ನು ಓದಿಸುತ್ತಾರೆ. ಮಕ್ಕಳೇ, ನಿಮಗೆ ಅದು ಬಾಯಿಪಾಠವೇ ಆಗಿರಬೇಕು. ಅದು ಹೇಗೆ ಶುರುವಾಗುತ್ತದೆ ನೋಡಿ: ‘ನಾವು’ ಎಂದು. ರಾಜನ ಹೆಸರಿಲ್ಲ, ಮಂತ್ರಿಯ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಭಾರತದ ಜನಗಳಾದ ನಾವು, ಅಷ್ಟೇ. ಒಂದು ದೇಶದ ಸಂವಿಧಾನವನ್ನು ಹೀಗೆ ಜನರ ಬಾಯಿಂದಲೇ ಆರಂಭಿಸುವ ಪದ್ಧತಿ ನಮಗಿಂತ ಮೊದಲು ಅಮೆರಿಕದಲ್ಲಿತ್ತು. ಅಲ್ಲಿ 1787ರಲ್ಲಿ ಸಂವಿಧಾನದ ಕರಡು ತಯಾರಾಗುವಾಗ ‘ಜನರಾದ ನಾವು’ ಎಂಬ ಆ ಮಾತು ಮೊದಲು ಕಾಣಿಸಿಕೊಂಡದ್ದು ಒಬ್ಬ ವಕೀಲರ ಕೈಬರಹದಲ್ಲಿ. ಅವರು ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲ. ಇಪ್ಪತ್ತೆರಡು ದಾಟಿದ ಮೇಲೆ ಹಡಗು ಹತ್ತಿ ಬಂದ ಸ್ಕಾಟ್‌ಲೆಂಡಿನ ರೈತನ ಮಗ. ಹೆಸರು ಜೇಮ್ಸ್ ವಿಲ್ಸನ್.

ಜಾರ್ಜ್ ವಾಷಿಂಗ್ಟನ್, ಬೆಂಜಮಿನ್ ಫ್ರಾಂಕ್ಲಿನ್, ಥಾಮಸ್ ಜೆಫರ್ಸನ್ ಹೆಸರುಗಳು ಎಲ್ಲರಿಗೂ ಗೊತ್ತು. ವಿಲ್ಸನ್ ಹೆಸರು ಅಮೆರಿಕದ ಮಕ್ಕಳಿಗೇ ಅಷ್ಟಾಗಿ ಗೊತ್ತಿಲ್ಲ. ಅದಕ್ಕೆ ಕಾರಣ ಅವರ ಕೊನೆಯ ಎರಡು ವರ್ಷ ಎಂದು ನನಗನ್ನಿಸುತ್ತದೆ. ದೇಶದ ಅತ್ಯುನ್ನತ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದುಕೊಂಡೇ ಸಾಲಕ್ಕಾಗಿ ಜೈಲಿಗೆ ಹೋದವರು ಅವರು. ಬ್ಯಾಂಕಿನಲ್ಲಿ ಲೆಡ್ಜರು ಬರೆದೇ ತಲೆ ನರೆಸಿಕೊಂಡವನು ನಾನು. ಈ ಮನುಷ್ಯನ ಕಥೆ ಓದಿದಾಗ ಪುಸ್ತಕ ಕೆಳಗಿಡಲು ಆಗಲಿಲ್ಲ.

ಪಾದ್ರಿಯಾಗಬೇಕಿದ್ದ ಹುಡುಗ

1742ರ ಸೆಪ್ಟೆಂಬರ್ 14ರಂದು ಸ್ಕಾಟ್‌ಲೆಂಡಿನ ಫೈಫ್ ಪ್ರಾಂತದ ಕಾರ್ಸ್‌ಕರ್ಡೋ ಎಂಬಲ್ಲಿ ಜೇಮ್ಸ್ ಹುಟ್ಟಿದ. ಮನೆಯಲ್ಲಿ ಒಕ್ಕಲುತನ. ಮಗ ಚೆನ್ನಾಗಿ ಓದುತ್ತಾನೆ, ಪಾದ್ರಿಯಾದರೆ ಮನೆತನಕ್ಕೆ ಹೆಸರು ಎಂದು ತಂದೆ ತಾಯಿಯ ಆಸೆ. ವಿದ್ಯಾರ್ಥಿವೇತನ ಸಿಕ್ಕಿ ಹುಡುಗ ಹತ್ತಿರದ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಸೇರಿದ. ಅಷ್ಟರಲ್ಲಿ ತಂದೆ ತೀರಿಕೊಂಡರು. ಧರ್ಮಶಾಸ್ತ್ರದ ಓದು ಅರ್ಧಕ್ಕೆ ನಿಂತಿತು. ಜೇಮ್ಸ್ ಅವರಿವರ ಮಕ್ಕಳಿಗೆ ಮನೆಪಾಠ ಹೇಳಿದ. ಆದರೆ ಮನಸ್ಸು ಆ ಊರಲ್ಲಿ ನಿಲ್ಲಲಿಲ್ಲ.

1765ರಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕಕ್ಕೆ ಬಂದ. ಆಗ ಅದು ಬ್ರಿಟಿಷರ ಹದಿಮೂರು ವಸಾಹತುಗಳ ನಾಡು. ಫಿಲಡೆಲ್ಫಿಯಾದ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸುವ ಕೆಲಸ ಸಿಕ್ಕಿತು. ಮೇಷ್ಟ್ರ ಕೆಲಸದಲ್ಲಿ ಹೊಟ್ಟೆ ತುಂಬೀತು, ಹೆಸರು ಬಂದೀತು ಅನ್ನಿಸಲಿಲ್ಲ. ಆ ಊರಿನ ದೊಡ್ಡ ವಕೀಲರಲ್ಲಿ ಒಬ್ಬರಾದ ಜಾನ್ ಡಿಕಿನ್ಸನ್ ಅವರ ಕಚೇರಿಗೆ ಶಿಷ್ಯನಾಗಿ ಸೇರಿದ. ಆ ಕಾಲದಲ್ಲಿ ಅಲ್ಲಿ ಲಾ ಕಾಲೇಜು ಇರಲಿಲ್ಲ. ಹಿರಿಯ ವಕೀಲರ ಬಳಿ ಕೂತು, ಅವರ ಕಾಗದಪತ್ರ ನಕಲು ಮಾಡುತ್ತ, ಅವರ ಕಪಾಟಿನ ಪುಸ್ತಕ ಓದುತ್ತ ವಕೀಲಿ ಕಲಿಯಬೇಕಿತ್ತು. ನಮ್ಮಲ್ಲೂ ಹೊಸ ವಕೀಲರು ಸೀನಿಯರ್ ಕೈಕೆಳಗೆ ಪಳಗುತ್ತಾರಲ್ಲ, ಹಾಗೆ.

1767ರಲ್ಲಿ ವಿಲ್ಸನ್ ವಕೀಲರಾದರು. ಇಲ್ಲಿಂದ ಮುಂದೆ ಅವರನ್ನು ಬಹುವಚನದಲ್ಲೇ ಕರೆಯೋಣ. ಮೊದಲು ರೆಡಿಂಗ್ ಎಂಬ ಊರಲ್ಲಿ, ಆಮೇಲೆ ಕಾರ್ಲೈಲ್ ಎಂಬ ಗಡಿನಾಡಿನ ಊರಲ್ಲಿ ವಕೀಲಿ ಮಾಡಿದರು. ಅಲ್ಲಿ ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡಿನಿಂದ ಬಂದ ಒಕ್ಕಲಿಗರೇ ಹೆಚ್ಚು. ಹೆಚ್ಚಿನ ಕೇಸುಗಳೆಲ್ಲ ಜಮೀನಿನವು: ಗಡಿ ಯಾರದ್ದು, ಹಕ್ಕುಪತ್ರ ಯಾರ ಹೆಸರಿಗೆ ಎಂಬಂಥವು. ಜಮೀನಿನ ವ್ಯಾಜ್ಯದಲ್ಲಿ ದುಡಿದ ದುಡ್ಡು ಜಮೀನಿಗೇ ಹೋಗತೊಡಗಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1771ರಲ್ಲಿ ರೇಚಲ್ ಬರ್ಡ್ ಎಂಬ ಹುಡುಗಿಯನ್ನು ಮದುವೆಯಾದರು. ಆರು ಮಕ್ಕಳಾದರು.

ಗುರು ಒಂದು ಕಡೆ, ಶಿಷ್ಯ ಒಂದು ಕಡೆ

ಬ್ರಿಟನ್ನಿನ ಪಾರ್ಲಿಮೆಂಟು ಅಮೆರಿಕದವರ ಮೇಲೆ ತೆರಿಗೆ ಹಾಕುತ್ತಿತ್ತು. ಆ ಪಾರ್ಲಿಮೆಂಟಿನಲ್ಲಿ ಅಮೆರಿಕದವರ ಪ್ರತಿನಿಧಿ ಒಬ್ಬರೂ ಇರಲಿಲ್ಲ. 1774ರಲ್ಲಿ ವಿಲ್ಸನ್ ಒಂದು ಪುಸ್ತಿಕೆ ಪ್ರಕಟಿಸಿದರು. ನಾವು ಆರಿಸದ ಸಭೆಗೆ ನಮ್ಮ ಮೇಲೆ ಕಾನೂನು ಮಾಡುವ ಅಧಿಕಾರವೇ ಇಲ್ಲ ಎಂಬುದು ಅದರ ವಾದ. ಬರೇ ತೆರಿಗೆ ಹಾಕುವಂತಿಲ್ಲ ಎಂದು ಉಳಿದವರು ಹೇಳುತ್ತಿದ್ದಾಗ ಇವರು ಒಂದು ಹೆಜ್ಜೆ ಮುಂದೆ ಹೋದರು. ಮಾರನೆಯ ವರ್ಷವೇ ವಸಾಹತುಗಳ ಪ್ರತಿನಿಧಿಗಳ ಸಭೆಗೆ, ಅಂದರೆ ಕಾಂಗ್ರೆಸ್ಸಿಗೆ, ಪೆನ್ಸಿಲ್ವೇನಿಯಾದಿಂದ ಆಯ್ಕೆಯಾದರು. ಹಡಗಿಳಿದು ಆಗಿನ್ನೂ ಹತ್ತು ವರ್ಷ.

1776ರ ಜೂನಿನಲ್ಲಿ ಸ್ವಾತಂತ್ರ್ಯ ಘೋಷಣೆಯ ಮಾತು ಬಂದಾಗ ವಿಲ್ಸನ್ ಸ್ವಲ್ಪ ತಡೆಯಿರಿ ಎಂದರು. ಹೆದರಿಕೆಯಿಂದಲ್ಲ. ನಮ್ಮ ರಾಜ್ಯದ ಜನ ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಅವರು ಹೇಳದೆ ನಾನು ಕೈ ಎತ್ತಲಾರೆ ಎಂಬುದು ಅವರ ನಿಲುವು. ಕೆಲವರು ಇದನ್ನು ಹಿಂಜರಿಕೆ ಎಂದು ಆಡಿಕೊಂಡರು. ಒಪ್ಪಿಗೆ ಸಿಗದೆ ಗ್ರಾಹಕರ ಖಾತೆಗೆ ಕೈ ಹಾಕಬಾರದು ಎಂದು ಕಲಿತ ನನಗೆ ಇದು ಹಿಂಜರಿಕೆಯಾಗಿ ಕಾಣುವುದಿಲ್ಲ.

ಜುಲೈ 2ರಂದು ಮತ ಹಾಕುವ ದಿನ ಬಂತು. ಪೆನ್ಸಿಲ್ವೇನಿಯಾದ ಏಳು ಪ್ರತಿನಿಧಿಗಳಲ್ಲಿ ಇಬ್ಬರು ಅಂದು ಬದಿಗೆ ಸರಿದು ನಿಂತರು. ಆ ಇಬ್ಬರಲ್ಲಿ ಒಬ್ಬರು ವಿಲ್ಸನ್ ಅವರ ಗುರು ಜಾನ್ ಡಿಕಿನ್ಸನ್. ಸ್ವಾತಂತ್ರ್ಯಕ್ಕೆ ಕಾಲ ಇನ್ನೂ ಕೂಡಿಬಂದಿಲ್ಲ ಎಂದು ಅವರು ನಂಬಿದ್ದರು. ಉಳಿದ ಐವರಲ್ಲಿ ಇಬ್ಬರು ಬೇಡ ಎಂದರು. ಫ್ರಾಂಕ್ಲಿನ್, ಜಾನ್ ಮಾರ್ಟನ್ ಮತ್ತು ವಿಲ್ಸನ್ ಬೇಕು ಎಂದರು. ಮೂರಕ್ಕೆ ಎರಡು. ಒಂದೇ ಒಂದು ಮತದಿಂದ ಆ ದೊಡ್ಡ ರಾಜ್ಯ ಸ್ವಾತಂತ್ರ್ಯದ ಕಡೆಗೆ ವಾಲಿತು. ವಕೀಲಿ ಕಲಿಸಿದ ಗುರುವಿನ ಎದುರಿಗೇ ಶಿಷ್ಯ ಬೇರೆ ದಾರಿ ಹಿಡಿದದ್ದು ಹೀಗೆ.

ಮನೆಯೇ ಕೋಟೆ

ಯುದ್ಧದ ಖರ್ಚಿಗಾಗಿ ಕಾಂಗ್ರೆಸ್ಸು ಕಾಗದದ ನೋಟು ಅಚ್ಚು ಹಾಕಿತು. ಅದರ ಹಿಂದೆ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ಹಾಕಿದಷ್ಟೂ ಅದರ ಬೆಲೆ ಇಳಿಯಿತು, ಹಿಟ್ಟು ಉಪ್ಪಿನ ಬೆಲೆ ಏರಿತು. ಫಿಲಡೆಲ್ಫಿಯಾದ ಬಡವರಿಗೆ, ಯುದ್ಧದಿಂದ ಬಂದ ಸೈನಿಕರಿಗೆ ಹೊಟ್ಟೆಗಿಲ್ಲ. ವ್ಯಾಪಾರಿಗಳು ಮಾಲು ಬಚ್ಚಿಟ್ಟಿದ್ದಾರೆ ಎಂದು ಅವರ ಸಿಟ್ಟು. ಆ ವ್ಯಾಪಾರಿಗಳ ಸ್ನೇಹಿತರು ವಿಲ್ಸನ್. ಸಾಲದ್ದಕ್ಕೆ ಬ್ರಿಟಿಷರಿಗೆ ಸಹಾಯ ಮಾಡಿದರೆಂಬ ಆರೋಪ ಹೊತ್ತವರ ಪರವಾಗಿ ಕೋರ್ಟಿನಲ್ಲಿ ವಾದಿಸಿದವರೂ ಅವರೇ. ಆರೋಪಿ ಯಾರೇ ಆಗಲಿ, ವಕೀಲನೊಬ್ಬ ಬೇಕಲ್ಲ!

1779ರ ಅಕ್ಟೋಬರ್ 4. ಕೋವಿ ಹಿಡಿದ ಸೈನಿಕರ ಗುಂಪು ವಿಲ್ಸನ್ ಅವರ ಮನೆಯತ್ತ ನಡೆದು ಬಂತು. ವಿಲ್ಸನ್ ಸ್ನೇಹಿತರೊಂದಿಗೆ ಬಾಗಿಲು ಭದ್ರಪಡಿಸಿ ಒಳಗೆ ಕೂತರು. ಗುಂಡು ಹಾರಿತು. ಒಳಗೂ ಹೊರಗೂ ಸಾವು ನೋವು ಆಯಿತು. ಗುಂಪು ಬಾಗಿಲು ಒಡೆಯುವ ಹಂತಕ್ಕೆ ಬಂದಾಗ ಕುದುರೆಯ ಮೇಲೆ ಬಂದು ಬಿಡಿಸಿದವರು ರಾಜ್ಯದ ಮುಖ್ಯಸ್ಥ ಜೋಸೆಫ್ ರೀಡ್. ಅವರು ರಾಜಕೀಯದಲ್ಲಿ ವಿಲ್ಸನ್ ಅವರ ಎದುರಾಳಿ. ಕೋರ್ಟಿನಲ್ಲೂ ಎದುರು ನಿಂತು ವಾದಿಸಿದವರು. ಆದರೂ ಬಂದರು. ಆ ಮನೆಗೆ ಜನ ‘ವಿಲ್ಸನ್ ಕೋಟೆ’ ಎಂದು ಹೆಸರಿಟ್ಟರು.

ಇಲ್ಲಿ ಯಾರ ಪಕ್ಷ ವಹಿಸುವುದು ಎಂದು ಮೊಮ್ಮಕ್ಕಳು ಕೇಳಬಹುದು. ಹಸಿದವರ ಸಿಟ್ಟು ಸುಳ್ಳಲ್ಲ. ಕೋವಿ ಹಿಡಿದು ವಕೀಲನ ಮನೆಗೆ ನುಗ್ಗುವುದೂ ಸರಿಯಲ್ಲ. ಜನರೇ ಒಡೆಯರು ಎಂದು ಬರೆದ ಮನುಷ್ಯನನ್ನು ಜನರೇ ಕೊಲ್ಲಲು ಬಂದರು. ವಿಲ್ಸನ್ ಆಮೇಲೂ ತಮ್ಮ ಮಾತು ಬದಲಿಸಲಿಲ್ಲ ಎಂಬುದು ನನಗೆ ಅವರಲ್ಲಿ ತುಂಬ ಹಿಡಿಸಿದ ಗುಣ.

ಫಿಲಡೆಲ್ಫಿಯಾದ ಬೇಸಿಗೆ

1787ರ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಸಭೆ ಸೇರಿತು. ವಾಷಿಂಗ್ಟನ್ ಅಧ್ಯಕ್ಷರು. ಒಳಗಿನ ಮಾತು ಹೊರಗೆ ಹೋಗಕೂಡದೆಂದು ಕಟ್ಟುನಿಟ್ಟು. ಕನ್ನಡಕ ಹಾಕಿದ, ಎತ್ತರದ ನಿಲುವಿನ ವಿಲ್ಸನ್ ಅಲ್ಲಿ ಎದ್ದು ಮಾತಾಡಿದ್ದು 168 ಸಲ ಎಂದು ಲೆಕ್ಕ ಹಾಕಿದ್ದಾರೆ. ಅವರಿಗಿಂತ ಹೆಚ್ಚು ಮಾತಾಡಿದವರು ಗವರ್ನರ್ ಮಾರಿಸ್ ಒಬ್ಬರೇ. (ಅವರ ಹೆಸರೇ ಗವರ್ನರ್, ಹುದ್ದೆಯಲ್ಲ!)

ದೇಶಕ್ಕೆ ಒಬ್ಬನೇ ಮುಖ್ಯಸ್ಥ ಇರಲಿ ಎಂದು ಜೂನ್ 1ರಂದು ಸೂಚಿಸಿದವರು ವಿಲ್ಸನ್. ಸಭೆ ಸ್ತಬ್ಧವಾಯಿತು. ರಾಜನನ್ನು ಓಡಿಸಿ ಇನ್ನೂ ಕೆಲವೇ ವರ್ಷ, ಇವರು ಮತ್ತೆ ಒಬ್ಬನ ಕೈಗೆ ಕೊಡಿ ಎನ್ನುತ್ತಾರಲ್ಲ ಎಂದು ಎಲ್ಲರಿಗೂ ದಿಗಿಲು. ಆದರೆ ಅವರ ಮಾತಿನ ಇನ್ನೊಂದು ಅರ್ಧ ಇತ್ತು: ಆ ಒಬ್ಬನನ್ನು ಜನರೇ ನೇರವಾಗಿ ಆರಿಸಲಿ. ಅದು ಉಳಿದವರಿಗೆ ರುಚಿಸಲಿಲ್ಲ. ಇಷ್ಟು ವಿಶಾಲ ದೇಶದಲ್ಲಿ ಸಾಮಾನ್ಯ ಜನಕ್ಕೆ ಅಭ್ಯರ್ಥಿ ಯಾರೆಂದೇ ಗೊತ್ತಾಗದು ಎಂದರು. ಮಾರನೆಯ ದಿನ ವಿಲ್ಸನ್ ನಡುದಾರಿಯೊಂದನ್ನು ಮುಂದಿಟ್ಟರು. ಜನ ಮೊದಲು ಕೆಲವು ಮತದಾರ ಪ್ರತಿನಿಧಿಗಳನ್ನು ಆರಿಸಲಿ, ಅವರು ಅಧ್ಯಕ್ಷನನ್ನು ಆರಿಸಲಿ. ಅಂದು ಅದೂ ಬಿದ್ದುಹೋಯಿತು, ಆದರೆ ಸಭೆ ಮುಗಿಯುವ ಹೊತ್ತಿಗೆ ಅದೇ ಬಗೆಯ ಏರ್ಪಾಡು ಬಂತು. ಟೀವಿಯಲ್ಲಿ ಅಮೆರಿಕದ ಚುನಾವಣೆ ಬಂದಾಗ 538ರಲ್ಲಿ 270 ಬೇಕು ಎಂದು ಹೇಳುತ್ತಾರಲ್ಲ, ಅದು ಇದೇ. ಹೆಚ್ಚು ಜನರ ಓಟು ಪಡೆದವರೇ ಸೋಲುವುದೂ ಉಂಟು. 2000 ಮತ್ತು 2016ರಲ್ಲಿ ಹಾಗೇ ಆಯಿತು. ವಿಲ್ಸನ್ ಅವರ ಮೊದಲ ಸಲಹೆಯನ್ನೇ ಒಪ್ಪಿದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ.

ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಜೂನ್ 11ರಂದು ಅವರು ಇನ್ನೊಂದು ಸೂಚನೆ ಮಂಡಿಸಿದರು. ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂದು ತೀರ್ಮಾನಿಸಲು ಜನಸಂಖ್ಯೆ ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯಬೇಕು ಎಂಬುದು ಅದು. ದಕ್ಷಿಣದ ರಾಜ್ಯಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಮಾಡಿದ ಏರ್ಪಾಡು. ಆ ಗುಲಾಮರಿಗೆ ಓಟೂ ಇಲ್ಲ, ಬಿಡುಗಡೆಯೂ ಇಲ್ಲ. ಅವರ ತಲೆ ಎಣಿಸಿ ಸಿಕ್ಕ ಸ್ಥಾನ ಅವರನ್ನು ಕಟ್ಟಿಹಾಕಿದ ಯಜಮಾನರಿಗೆ. ಕಾಲಂ ಎರಡೂ ಕಡೆ ತಾಳೆಯಾದರೂ ಇದು ತಪ್ಪು ಲೆಕ್ಕ. ಇದರ ಬಾಕಿ ತೀರಿಸಲು ಆ ದೇಶ ಒಂದು ಅಂತರ್ಯುದ್ಧವನ್ನೇ ಮಾಡಬೇಕಾಯಿತು. ‘ಜನರಾದ ನಾವು’ ಎಂದು ಬರೆದ ಕೈಯೇ ಇದನ್ನೂ ಮಂಡಿಸಿತು.

ಕರಡು ಬರೆಯಲು ಐವರ ಸಮಿತಿ ನೇಮಕವಾಯಿತು. ಅದರಲ್ಲಿ ವಿಲ್ಸನ್ ಒಬ್ಬರು. ಅವರು ಬರೆದ ಕರಡಿನ ಹಾಳೆಗಳು ಫಿಲಡೆಲ್ಫಿಯಾದಲ್ಲಿ ಇಂದಿಗೂ ಭದ್ರವಾಗಿವೆ. ‘ಜನರಾದ ನಾವು’ ಎಂದು ಆರಂಭಿಸಿ ಒಂದೊಂದೇ ರಾಜ್ಯದ ಹೆಸರು ಬರೆದಿದ್ದರು. ಆಮೇಲೆ ಬೇರೆ ಸಮಿತಿಯಲ್ಲಿ ಗವರ್ನರ್ ಮಾರಿಸ್ ಆ ಹೆಸರುಗಳನ್ನೆಲ್ಲ ತೆಗೆದು ‘ಅಮೆರಿಕ ಸಂಯುಕ್ತ ಸಂಸ್ಥಾನದ’ ಎಂದು ಮಾಡಿದರು. ಸೆಪ್ಟೆಂಬರ್ 17ರಂದು, ಕೊನೆಯ ದಿನ, 81 ವರ್ಷದ ಫ್ರಾಂಕ್ಲಿನ್ ಅವರಿಗೆ ನಿಂತು ಭಾಷಣ ಮಾಡುವ ಶಕ್ತಿ ಇರಲಿಲ್ಲ. ಅವರು ಬರೆದು ತಂದದ್ದನ್ನು ಎದ್ದು ಓದಿದವರು ವಿಲ್ಸನ್. ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಎರಡಕ್ಕೂ ಸಹಿ ಹಾಕಿದವರು ಇಡೀ ದೇಶದಲ್ಲಿ ಆರೇ ಮಂದಿ. ಅವರಲ್ಲಿ ಇವರೊಬ್ಬರು.

ಪೆನ್ಸಿಲ್ವೇನಿಯಾ ಅದನ್ನು ಅನುಮೋದಿಸುವಂತೆ ಮಾಡಲು ವಿಲ್ಸನ್ ಹಗಲಿರುಳು ದುಡಿದರು. 46ಕ್ಕೆ 23 ಮತಗಳಿಂದ ಗೆದ್ದರು. ಅದೇ ಡಿಸೆಂಬರಿನಲ್ಲಿ, ತಾವು ವಕೀಲಿ ಮಾಡಿ ಬೆಳೆದ ಕಾರ್ಲೈಲ್ ಊರಿನಲ್ಲಿ, ವಿರೋಧಿಗಳು ಅವರ ಪ್ರತಿಕೃತಿ ಸುಟ್ಟರು.

ಸರ್ಕಾರವೂ ಸಾಲ ತೀರಿಸಬೇಕು

ಹೊಸ ಸರ್ಕಾರ ಬಂತು, ವಾಷಿಂಗ್ಟನ್ ಅಧ್ಯಕ್ಷರಾದರು. ವಿಲ್ಸನ್ ಅವರಿಗೆ ಪತ್ರ ಬರೆದು ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನೇ ಕೇಳಿದರು. ಸಂಕೋಚ ಎನ್ನುವುದು ಅವರಿಗೆ ಕಡಿಮೆ ಎಂದು ಕಾಣುತ್ತದೆ. ಆ ಸ್ಥಾನ ಜಾನ್ ಜೇ ಅವರಿಗೆ ಹೋಯಿತು. 1789ರ ಸೆಪ್ಟೆಂಬರಿನಲ್ಲಿ ವಿಲ್ಸನ್ ಸುಪ್ರೀಂ ಕೋರ್ಟಿನ ಮೊದಲ ಆರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದರು. ಸಂಬಳ ವರ್ಷಕ್ಕೆ 3,500 ಡಾಲರ್. ಮುಂದಿನ ವರ್ಷ ಫಿಲಡೆಲ್ಫಿಯಾದ ಕಾಲೇಜಿನಲ್ಲಿ ಕಾನೂನಿನ ಉಪನ್ಯಾಸಮಾಲೆ ಆರಂಭಿಸಿದಾಗ ಅಧ್ಯಕ್ಷ ವಾಷಿಂಗ್ಟನ್ನರೇ ಕೇಳಲು ಬಂದಿದ್ದರು. ಲ್ಯಾಟಿನ್ ಮೇಷ್ಟ್ರಾಗಿ ಸೇರಿದ ಅದೇ ಕಾಲೇಜು.

ಆಗಿನ ನ್ಯಾಯಮೂರ್ತಿಗಳು ಈಗಿನಂತೆ ಒಂದೇ ಕಟ್ಟಡದಲ್ಲಿ ಕೂರುವಂತಿರಲಿಲ್ಲ. ವರ್ಷಕ್ಕೆರಡು ಸಲ ಊರೂರು ಸುತ್ತಿ ಕೋರ್ಟು ನಡೆಸಬೇಕಿತ್ತು. ಕೆಸರಿನ ರಸ್ತೆ, ಕುದುರೆಗಾಡಿ, ಛತ್ರದಲ್ಲಿ ವಾಸ. ವಯಸ್ಸಾದವರಿಗೆ ಅದೊಂದು ಶಿಕ್ಷೆ.

1793ರಲ್ಲಿ ಬಂದ ಒಂದು ಮೊಕದ್ದಮೆ ವಿಲ್ಸನ್ ಅವರನ್ನು ಕಾನೂನಿನ ಪುಸ್ತಕಗಳಲ್ಲಿ ಶಾಶ್ವತವಾಗಿ ಇರಿಸಿತು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ದಕ್ಷಿಣ ಕೆರೊಲಿನಾದ ಒಬ್ಬ ವ್ಯಾಪಾರಿ ಜಾರ್ಜಿಯಾ ರಾಜ್ಯಕ್ಕೆ ಸರಕು ಕೊಟ್ಟಿದ್ದ. ದುಡ್ಡು ಬರಲಿಲ್ಲ. ಅವನು ತೀರಿಹೋದ. ಅವನ ಆಸ್ತಿ ನೋಡಿಕೊಳ್ಳುತ್ತಿದ್ದ ಚಿಸಂ ಎಂಬಾತ ಜಾರ್ಜಿಯಾದ ಮೇಲೆ ದಾವೆ ಹೂಡಿದ. ಜಾರ್ಜಿಯಾ ಕೋರ್ಟಿಗೇ ಬರಲಿಲ್ಲ. ನಾನು ಸಾರ್ವಭೌಮ ರಾಜ್ಯ, ನನ್ನನ್ನು ಕಟಕಟೆಗೆ ಕರೆಯಲು ನೀವು ಯಾರು ಎಂಬ ಧೋರಣೆ.

ವಿಲ್ಸನ್ ತೀರ್ಪಿನ ಸಾರ ಇದು. ಸಾರ್ವಭೌಮ ಎಂಬ ಮಾತು ನಮ್ಮ ಸಂವಿಧಾನದಲ್ಲಿ ಎಲ್ಲೂ ಇಲ್ಲ. ರಾಜ್ಯ ಎಂದರೆ ಒಟ್ಟುಗೂಡಿದ ಜನ. ಒಬ್ಬ ಮನುಷ್ಯ ಕೊಟ್ಟ ಮಾತಿಗೆ ಕಟ್ಟುಬೀಳಬೇಕಾದರೆ, ಸಾವಿರ ಮನುಷ್ಯರು ಸೇರಿ ಮಾಡಿಕೊಂಡ ರಾಜ್ಯವೂ ಕಟ್ಟುಬೀಳಬೇಕು. ಸಾಲ ಮಾಡಿದ ವ್ಯಾಪಾರಿ ಕೋರ್ಟಿಗೆ ಬರಬೇಕು, ಸಾಲ ಮಾಡಿದ ಸರ್ಕಾರ ಬರಬೇಕಿಲ್ಲ ಎಂದರೆ ಅದು ನ್ಯಾಯವೇ? ಐವರಲ್ಲಿ ನಾಲ್ವರು ಚಿಸಂ ಪರವಾಗಿ ತೀರ್ಪಿತ್ತರು. ಒಪ್ಪದೆ ಉಳಿದವರು ಜೇಮ್ಸ್ ಐರ್ಡೆಲ್ ಒಬ್ಬರೇ. ಈ ಐರ್ಡೆಲ್ ಕೂಡ ಹೊರಗಿನಿಂದ, ಇಂಗ್ಲೆಂಡಿನಿಂದ, ಬಂದು ನೆಲೆಸಿದವರು. ಅವರ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಜಾರ್ಜಿಯಾ ಕೆಂಡವಾಯಿತು. ಈ ತೀರ್ಪನ್ನು ಜಾರಿ ಮಾಡಲು ಬಂದವರನ್ನು ನೇಣಿಗೆ ಹಾಕಬೇಕು ಎಂಬ ಮಸೂದೆಯನ್ನು ಅದರ ಕೆಳಮನೆ ಪಾಸು ಮಾಡಿತು! ಉಳಿದ ರಾಜ್ಯಗಳೂ ಹೆದರಿದವು, ಏಕೆಂದರೆ ಎಲ್ಲರ ಲೆಕ್ಕದಲ್ಲೂ ಯುದ್ಧದ ಬಾಕಿ ಇತ್ತು. 1795ರಲ್ಲಿ ಸಂವಿಧಾನಕ್ಕೇ ಹನ್ನೊಂದನೆಯ ತಿದ್ದುಪಡಿ ತಂದು ಆ ತೀರ್ಪನ್ನು ಮಲಗಿಸಿದರು.

ನಮ್ಮಲ್ಲಿ ಸಂವಿಧಾನದ 300ನೇ ವಿಧಿಯಂತೆ ಕೇಂದ್ರದ ಮೇಲೂ ರಾಜ್ಯದ ಮೇಲೂ ದಾವೆ ಹೂಡಬಹುದು. ಭೂಸ್ವಾಧೀನದ ಪರಿಹಾರ ಕೊಡಲಿಲ್ಲವೆಂದು ಕೋರ್ಟಿನ ಅಮೀನರು ಬಂದು ಸರ್ಕಾರಿ ಕಚೇರಿಯ ಕುರ್ಚಿ, ಮೇಜು, ಕಂಪ್ಯೂಟರು, ಜೀಪು ಜಪ್ತಿ ಮಾಡಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಕುರ್ಚಿಗಳನ್ನು ಹೊತ್ತು ಹೊರಗಿಡುವ ಆ ಫೋಟೋ ಕಂಡಾಗ ಜಾರ್ಜಿಯಾದ ಕಥೆ ಜ್ಞಾಪಿಸಿಕೊಳ್ಳಿ.

ಎಕರೆಗಳ ಮೋಹ

ರೇಚಲ್ 1786ರಲ್ಲೇ ತೀರಿಕೊಂಡಿದ್ದರು. 1793ರಲ್ಲಿ, 51ನೇ ವಯಸ್ಸಿಗೆ, ವಿಲ್ಸನ್ ಬಾಸ್ಟನ್ನಿನ ಹ್ಯಾನಾ ಗ್ರೇ ಎಂಬ 19ರ ಹುಡುಗಿಯನ್ನು ಮದುವೆಯಾದರು. ಊರೆಲ್ಲ ಗುಸುಗುಸು. ಅವರೇನೂ ಲೆಕ್ಕಿಸಲಿಲ್ಲ.

ಅವರಿಗೆ ನಿಜವಾದ ಮೋಹ ಇದ್ದದ್ದು ಜಮೀನಿನ ಮೇಲೆ. ಒಂದೆರಡು ತೋಟವಲ್ಲ, ಲಕ್ಷಗಟ್ಟಲೆ ಎಕರೆ. ಪಶ್ಚಿಮದ ಕಾಡು ಬಯಲುಗಳನ್ನು ಕಂಪನಿ ಕಟ್ಟಿಕೊಂಡು ಕೊಳ್ಳುವುದು, ಯೂರೋಪಿನಿಂದ ಜನ ವಲಸೆ ಬಂದಾಗ ತುಂಡು ತುಂಡಾಗಿ ಮಾರುವುದು. ವಲಸಿಗರನ್ನು ಹೇಗೆ ಕರೆತರಬೇಕು, ಎಲ್ಲಿ ನೆಲೆಗೊಳಿಸಬೇಕು ಎಂದು ದೊಡ್ಡ ಯೋಜನೆಯನ್ನೇ ಬರೆದಿಟ್ಟಿದ್ದರು. ತಾನೂ ಹಡಗಿನಲ್ಲಿ ಬಂದವನಲ್ಲವೇ, ತನ್ನಂತೆ ಲಕ್ಷ ಜನ ಬರುತ್ತಾರೆ ಎಂದು ನಂಬಿದ್ದರು. ಆ ನೆಲದಲ್ಲಿ ಆಗಲೇ ತಲೆತಲಾಂತರದಿಂದ ಮೂಲನಿವಾಸಿಗಳು ಇದ್ದರು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಕೊಳ್ಳಲು ದುಡ್ಡೆಲ್ಲಿಂದ? ಸಾಲ. ಬ್ಯಾಂಕ್ ಆಫ್ ನಾರ್ತ್ ಅಮೆರಿಕ ಎಂಬ ಆ ದೇಶದ ಮೊದಲ ದೊಡ್ಡ ಬ್ಯಾಂಕಿಗೆ ಅವರು ವಕೀಲರೂ ಆಗಿದ್ದರು, ಸಾಲಗಾರರೂ ಆಗಿದ್ದರು. ಹಾಲೆಂಡಿನ ಸಾಹುಕಾರರಿಂದ ಸಾಲ. ಸ್ನೇಹಿತರಿಂದ ಪ್ರೋನೋಟಿನ ಮೇಲೆ ಸಾಲ. ಒಂದು ಕಂತು ಕಟ್ಟಲು ಇನ್ನೊಂದು ಸಾಲ. ನಮ್ಮ ಕಡೆ ಇದಕ್ಕೆ ಟೋಪಿ ತಿರುಗಿಸುವುದು ಎನ್ನುತ್ತಾರೆ. ರಾಮನ ಟೋಪಿ ಭೀಮನಿಗೆ, ಭೀಮನ ಟೋಪಿ ಸೋಮನಿಗೆ.

ಇದರಲ್ಲಿ ಎರಡು ತೊಡಕು ಇರುತ್ತವೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತ ಯಾರಿಗಾದರೂ ಗೊತ್ತು. ಮೊದಲನೆಯದು, ಜಮೀನಿನ ಹಕ್ಕುಪತ್ರ ಗಟ್ಟಿಯೇ ಎಂಬುದು. ವಿಲ್ಸನ್ ಅಧ್ಯಕ್ಷರಾಗಿದ್ದ ಒಂದು ಕಂಪನಿ ಮೂಲನಿವಾಸಿಗಳಿಂದ ನೇರವಾಗಿ ಕೊಂಡಿದ್ದೇವೆಂದು ದೊಡ್ಡ ಪ್ರದೇಶವನ್ನೇ ತನ್ನದೆನ್ನುತ್ತಿತ್ತು. ಆ ಹಕ್ಕು ಸಲ್ಲದು ಎಂದು 1823ರಲ್ಲಿ ತೀರ್ಪಾಯಿತು. ತೀರ್ಪು ಕೊಟ್ಟದ್ದು ಅದೇ ಸುಪ್ರೀಂ ಕೋರ್ಟು! ಎರಡನೆಯದು, ಜಮೀನು ಇದ್ದಲ್ಲೇ ಇರುತ್ತದೆ, ಬಡ್ಡಿ ರಾತ್ರಿ ಹಗಲು ಓಡುತ್ತದೆ. ಕೊಳ್ಳುವವರು ಬರದಿದ್ದರೆ ಎಕರೆ ಎಷ್ಟಿದ್ದರೇನು?

ಕೊಳ್ಳುವವರು ಬರಲಿಲ್ಲ. ಯೂರೋಪಿನಲ್ಲಿ ಯುದ್ಧ. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟಿಗೆ ಚಿನ್ನ ಕೊಡುವುದನ್ನೇ ನಿಲ್ಲಿಸಿತು. ಸಾಗರದ ಈಚೆಗೂ ಸಾಲ ಸಿಗುವುದು ನಿಂತಿತು. ಅಮೆರಿಕದ ಜಮೀನು ವ್ಯಾಪಾರದ ಕುಳಗಳು ಒಬ್ಬೊಬ್ಬರಾಗಿ ಮುಳುಗಿದರು. ಸ್ವಾತಂತ್ರ್ಯ ಯುದ್ಧಕ್ಕೆ ಹಣ ಹೊಂದಿಸಿಕೊಟ್ಟ ಮಹಾ ಸಾಹುಕಾರ ರಾಬರ್ಟ್ ಮಾರಿಸ್ 1798ರ ಫೆಬ್ರವರಿಯಲ್ಲಿ ಸಾಲಗಾರರ ಜೈಲು ಸೇರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು. ಸಾಲ ಮಾಡುವಾಗಿನ ಸುಖ, ತೀರಿಸುವಾಗಿನ ಸಂಕಟದ ಬಗ್ಗೆ ಸರ್ವಜ್ಞನ ಒಂದು ವಚನ ಇದೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಹೇಳುತ್ತಾರೆ.

ಛತ್ರದ ಕೋಣೆ

1797ರಲ್ಲಿ ಸಾಲಗಾರರಿಂದ ತಪ್ಪಿಸಿಕೊಂಡು ವಿಲ್ಸನ್ ಫಿಲಡೆಲ್ಫಿಯಾ ಬಿಟ್ಟರು. ನ್ಯೂಜೆರ್ಸಿಯ ಬರ್ಲಿಂಗ್ಟನ್ ಎಂಬಲ್ಲಿ ಸಿಕ್ಕಿಬಿದ್ದು ಜೈಲಾಯಿತು. ಹಾಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ! ಮಗ ಬರ್ಡ್‌ಗೆ ಬರೆದ ಕಾಗದದಲ್ಲಿ ಅಂಗಿಗಳನ್ನು ತಾ, ದುಡ್ಡು ಎಷ್ಟಾದರೆ ಅಷ್ಟು ತಾ, ಇಲ್ಲದಿದ್ದರೆ ಇಲ್ಲಿಂದ ಹೊರಡಲಾರೆ ಎಂದು ಕೇಳಿಕೊಂಡಿದ್ದರು. ಮಗ ಆಗ ಇಪ್ಪತ್ತರ ಹುಡುಗ. ಹೇಗೋ ಹೊಂದಿಸಿ ಬಿಡಿಸಿದ.

ಅಲ್ಲಿಂದ ಅವರು ದಕ್ಷಿಣಕ್ಕೆ, ಉತ್ತರ ಕೆರೊಲಿನಾದ ಈಡೆಂಟನ್ ಎಂಬ ಸಣ್ಣ ಊರಿಗೆ ಹೋದರು. ಅದು ಐರ್ಡೆಲ್ ಅವರ ಊರು. ಜಾರ್ಜಿಯಾ ಮೊಕದ್ದಮೆಯಲ್ಲಿ ಎದುರು ತೀರ್ಪು ಬರೆದರಲ್ಲ, ಅದೇ ಐರ್ಡೆಲ್. ವಿಲ್ಸನ್ ಒಂದು ಛತ್ರದಲ್ಲಿ ಉಳಿದುಕೊಂಡರು. ಅಲ್ಲೂ ಸಾಲ ಬೆನ್ನು ಬಿಡಲಿಲ್ಲ. ಸಂವಿಧಾನ ಸಭೆಯಲ್ಲಿ ಜೊತೆಗೆ ಕೂತು ಸಹಿ ಹಾಕಿದ್ದ ಪಿಯರ್ಸ್ ಬಟ್ಲರ್ ಎಂಬವರಿಗೇ ದೊಡ್ಡ ಮೊತ್ತ ಬಾಕಿ ಇತ್ತು. ಅವರ ದಾವೆಯ ಮೇಲೆ 1798ರಲ್ಲಿ ಮತ್ತೊಮ್ಮೆ ಬಂಧನವಾಯಿತು. ಕಾಡುಪ್ರಾಣಿಯಂತೆ ನನ್ನನ್ನು ಬೇಟೆಯಾಡುತ್ತಿದ್ದಾರೆ ಎಂದು ಮಗನಿಗೆ ಬರೆದರು.

ಹೆಂಡತಿ ಹ್ಯಾನಾ ಅಷ್ಟು ದೂರ ಹುಡುಕಿಕೊಂಡು ಬಂದರು. ಇಪ್ಪತ್ತನಾಲ್ಕರ ಹೆಣ್ಣುಮಗಳು. ಬಿಟ್ಟುಹೋಗಿ ತವರು ಸೇರಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಛತ್ರದ ಸೆಕೆಯ ಕೋಣೆಯಲ್ಲಿ ಗಂಡನ ಹಾಸಿಗೆಯ ಪಕ್ಕ ಕೂತರು. ಬೇಸಿಗೆಯಲ್ಲಿ ವಿಲ್ಸನ್ ಅವರಿಗೆ ಮಲೇರಿಯಾ ಹಿಡಿಯಿತು, ಆಮೇಲೆ ಲಕ್ವ ಹೊಡೆಯಿತು. ಜ್ವರದ ನೆತ್ತಿಯಲ್ಲಿ ಬಂಧನ, ಸಾಲ ಎಂದು ಬಡಬಡಿಸುತ್ತಿದ್ದರಂತೆ. 1798ರ ಆಗಸ್ಟ್ 21ರಂದು ತೀರಿಕೊಂಡರು. ವಯಸ್ಸು 55. ಕೊನೆಯ ಉಸಿರಿನವರೆಗೂ ಅವರು ನ್ಯಾಯಮೂರ್ತಿಯೇ. ಯಾರೂ ರಾಜೀನಾಮೆ ಪಡೆದಿರಲಿಲ್ಲ, ಅವರೂ ಕೊಟ್ಟಿರಲಿಲ್ಲ.

ಸರ್ಕಾರಿ ಗೌರವ ಇಲ್ಲ, ಮೆರವಣಿಗೆ ಇಲ್ಲ. ಐರ್ಡೆಲ್ ಅವರ ಭಾವಮೈದುನ ಸ್ಯಾಮ್ಯುಯಲ್ ಜಾನ್‌ಸ್ಟನ್ ತಮ್ಮ ಮನೆತನದ ಸ್ಮಶಾನದಲ್ಲಿ ಜಾಗ ಕೊಟ್ಟರು. ಹ್ಯಾನಾ ಕೆಲವು ಕಾಲ ಐರ್ಡೆಲ್ ಮನೆಯವರ ಆಸರೆಯಲ್ಲಿದ್ದರು. ತೀರ್ಪಿನಲ್ಲಿ ಒಪ್ಪದವರು ಕಷ್ಟದಲ್ಲಿ ಬಾಗಿಲು ತೆರೆದರು. ಖಾಲಿಯಾದ ನ್ಯಾಯಮೂರ್ತಿ ಸ್ಥಾನಕ್ಕೆ ವಾಷಿಂಗ್ಟನ್ನರ ಅಣ್ಣತಮ್ಮಂದಿರ ಮಗ ಬುಷ್ರಾಡ್ ವಾಷಿಂಗ್ಟನ್ ಬಂದರು. ದಿವಾಳಿಯಾದವರಿಗೆ ಒಂದು ದಾರಿ ಮಾಡಿಕೊಡುವ ಕೇಂದ್ರ ಕಾನೂನು ಆ ದೇಶದಲ್ಲಿ ಬಂದದ್ದು 1800ರಲ್ಲಿ. ರಾಬರ್ಟ್ ಮಾರಿಸ್ ಹೊರಗೆ ಬಂದದ್ದು ಅದರಿಂದಲೇ. ವಿಲ್ಸನ್ ಅವರಿಗೆ ಎರಡು ವರ್ಷ ತಡವಾಯಿತು.

ಅಂಗಿ ಮತ್ತು ದುಡ್ಡು ಹೊತ್ತು ಹೋದ ಮಗ ಬರ್ಡ್ ವಿಲ್ಸನ್ ಮುಂದೆ ತಾನೂ ವಕೀಲನಾಗಿ, ನ್ಯಾಯಾಧೀಶನಾದ. ಆ ಹುದ್ದೆ ಬಿಟ್ಟು ಕೊನೆಗೆ ಪಾದ್ರಿಯಾದ. ಸ್ಕಾಟ್‌ಲೆಂಡಿನ ಅಜ್ಜ ಅಜ್ಜಿ ತಮ್ಮ ಮಗನಿಗೆ ಬಯಸಿದ್ದು ಮೊಮ್ಮಗನಿಗೆ ಒಲಿಯಿತು. 1804ರಲ್ಲಿ ತಂದೆಯ ಉಪನ್ಯಾಸ ಬರಹಗಳನ್ನೆಲ್ಲ ಸೇರಿಸಿ ಮೂರು ಸಂಪುಟಗಳಾಗಿ ಅವನೇ ಅಚ್ಚು ಹಾಕಿಸಿದ. ಇಂದು ವಿಲ್ಸನ್ ಬಗ್ಗೆ ಓದುವವರು ಆ ಸಂಪುಟಗಳಿಂದಲೇ ಶುರು ಮಾಡುತ್ತಾರೆ.

1906ರಲ್ಲಿ, ಸತ್ತು ನೂರೆಂಟು ವರ್ಷಗಳಾದ ಮೇಲೆ, ಫಿಲಡೆಲ್ಫಿಯಾದವರಿಗೆ ಇವರ ನೆನಪಾಯಿತು. ಈಡೆಂಟನ್ನಿನಿಂದ ಅಸ್ಥಿಗಳನ್ನು ಗೌರವದಿಂದ ತಂದು ಕ್ರೈಸ್ಟ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಪಕ್ಕದಲ್ಲಿ ಹೆಂಡತಿ ರೇಚಲ್ ಇದ್ದಾರೆ. ಮೂರು ವರ್ಷ ಜೈಲಿನಲ್ಲಿದ್ದು ಬಂದ ರಾಬರ್ಟ್ ಮಾರಿಸ್ ಅವರ ಸಮಾಧಿಯೂ ಅದೇ ಚರ್ಚಿನ ಅಂಗಳದಲ್ಲಿದೆ.